ನಾಲ್ಕನೆಯ ಮಹಡಿಯ ಗೂಬೆ ಮತ್ತು ನನ್ನ ತಮ್ಮ ಸಿದ್ದು

ಗೆ,
ಮಾನ್ಯ ಆಡಳಿತ ನಿರ್ದೇಶಕರು,
‘ಟವರ್ ಟಾಮಿ’ ವಿಡಿಯೊ ಗೇಮಿನ ಮಾಲೀಕ ಕಂಪನಿ.
(ಊರು, ದೇಶಗಳನ್ನು ಡಬ್ಬಿಯ ಮೇಲೆ ಇರುವೆಗೂ ಕನ್ನಡಕ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ ಮುದ್ರಿಸಿರುವುದರಿಂದ ಬರೆಯಲಾಗಿಲ್ಲ.)

ವಿಷಯ: ತಾವು ಸದ್ದಿಲ್ಲದೆ ಕೆಡವಿದ ಒಂದು ಮಹಡಿಯಿಂದಾಗಿ ನನ್ನ ತಮ್ಮ ಮೂವತ್ತೈದು ವರ್ಷ ಸುಳ್ಳುಗಾರನಾಗಿ ಬಾಳಿದ ಬಗ್ಗೆ.

ಮಾನ್ಯರೇ,

ಮೈಸೂರಿನ ಕುವೆಂಪುನಗರದಿಂದ ಸುಮಾ ಮಾಡುವ ಅನಂತ ನಮಸ್ಕಾರಗಳು. ತಮ್ಮ ಆಟಕ್ಕೆ ನಲವತ್ತು ವರ್ಷ ತುಂಬಿದ ಸಂಭ್ರಮವನ್ನು ತಾವು ದೇಶ ದೇಶಗಳಲ್ಲಿ ಆಚರಿಸುತ್ತಿರುವುದಾಗಿ ಡಬ್ಬಿಯ ಹಿಂಬದಿಯಲ್ಲಿ ಓದಿ, ತಾವು ಕ್ಷೇಮವಾಗಿಯೂ ನಿಶ್ಚಿಂತೆಯಾಗಿಯೂ ಇರುವಿರೆಂದು ತಿಳಿದುಕೊಂಡೆ. ನಾನು ನಗರ ಬಸ್ಸಿನಲ್ಲಿ ಇಪ್ಪತ್ತು ವರ್ಷದಿಂದ ಕಂಡಕ್ಟರ್ ಆಗಿರುವವಳು. ‘ಪಾಸ್ ಮನೇಲೇ ಮರ್ತ್ ಬಂದ್ಬುಟ್ಟೆ ಮೇಡಂ’ ಎನ್ನುವವರ ಮುಖ ನೋಡಿಯೇ ಯಾರದು ಸತ್ಯ, ಯಾರದು ಬುರುಡೆ ಎಂದು ಹೇಳಬಲ್ಲೆನೆಂಬ ಜಂಬ ನನಗಿತ್ತು. ಆ ಜಂಬವನ್ನು ಕಳೆದ ತಿಂಗಳು ನಿಲ್ದಾಣವಲ್ಲದ ಕಡೆ ಇಳಿಸಿ ಹೋದವರು ತಾವು. ಆದಕಾರಣ ಈ ಪತ್ರ.

ತಮಗೆ ಆಟಗಳು ನೂರಾರು ಇರಬಹುದಾದ್ದರಿಂದ ನೆನಪಿಸುತ್ತೇನೆ. ಟಾಮಿ ಎಂಬ ಟೋಪಿಯ ಮನುಷ್ಯ ಒಂದು ಗೋಪುರವನ್ನು ಹತ್ತುತ್ತಾ, ಬಾವಲಿಗಳಿಂದ ತಪ್ಪಿಸಿಕೊಳ್ಳುತ್ತಾ, ಮಹಡಿ ಮಹಡಿಯ ದೀಪ ಹಚ್ಚಬೇಕು, ಇಷ್ಟೇ ಆಟ. ಸಾವಿರದ ಒಂಬೈನೂರ ಎಂಬತ್ತೊಂಬತ್ತರ ದಸರಾದಲ್ಲಿ ವಸ್ತುಪ್ರದರ್ಶನದ ಒಂದು ಮಳಿಗೆಗೆ, ಬೀರುವಿನಷ್ಟು ದೊಡ್ಡದಾದ ತಮ್ಮ ಯಂತ್ರ ಬಂದಿತ್ತು. ನಾಣ್ಯ ಹಾಕಿದರೆ ಆಟ, ಮೂರು ಸಲ ಬಿದ್ದರೆ ಮುಗಿಯಿತು. ನನ್ನ ತಮ್ಮ ಸಿದ್ದುವಿಗೆ ಆಗ ಹನ್ನೆರಡು ವರ್ಷ. ಲೆಕ್ಕದಲ್ಲಿ ಅಷ್ಟಕ್ಕಷ್ಟೇ ಆಗಿದ್ದ ಅವನ ಕೈಗೆ ಟಾಮಿಯನ್ನು ಆಡಿಸುವ ಆ ಯಂತ್ರದ ಕೋಲು ಹೇಗೆ ಒಗ್ಗಿತೋ ದೇವರೇ ಬಲ್ಲ. ಒಂದು ಮಧ್ಯಾಹ್ನ ಅವನು ಒಂದನೆಯ ಮಹಡಿ, ಎರಡನೆಯ ಮಹಡಿ, ಮೂರನೆಯ ಮಹಡಿ ದಾಟಿ ನಾಲ್ಕನೆಯದನ್ನು ತಲುಪಿದ. ಅಲ್ಲಿ ಮುರಿದ ಸೇತುವೆ, ಸೇತುವೆಯ ತುದಿಗೆ ಒಂದು ಗಂಟೆ, ಗಂಟೆಯ ಪಕ್ಕ ಬಿಳಿ ಗೂಬೆ. ಟಾಮಿ ಗಂಟೆ ಬಾರಿಸಿದ ಕೂಡಲೇ ಗೂಬೆ ತನ್ನ ತಲೆಯ ಮೇಲಿನ ಪುಟ್ಟ ಟೋಪಿಯನ್ನು ತೆಗೆದು ಬಗ್ಗಿ ನಮಸ್ಕಾರ ಮಾಡಿತು.

ಇದನ್ನು ಸಿದ್ದು ಬೀದಿಯಲ್ಲೆಲ್ಲ ಹೇಳಿದ. ಆರು ತಿಂಗಳ ಕಾಲ ಅವನಿಗೆ ರಾಜಮರ್ಯಾದೆ. ಹುಡುಗರು ‘ಗೂಬೆ ಎಂಗೆ ನಮಸ್ಕಾರ ಮಾಡ್ತು ತೋರ್ಸು’ ಎಂದು ಕೇಳಿದರೆ ಇವನು ಅಪ್ಪನ ಮಫ್ಲರನ್ನು ತಲೆಗೆ ಸುತ್ತಿ, ತೆಗೆದು, ಬಗ್ಗಿ ತೋರಿಸುತ್ತಿದ್ದ.

ಅಷ್ಟರಲ್ಲಿ ತಾವು ಬಡಬಗ್ಗರ ಮೇಲಿನ ಕರುಣೆಯಿಂದ ಆ ಬೀರುವನ್ನು ಮನೆಮನೆಗೆ ತಲುಪಿಸಲು ಸಂಕಲ್ಪಿಸಿದಿರಿ. ಸಿದ್ದುವಿನ ಜೊತೆ ಓದುತ್ತಿದ್ದ, ನಮ್ಮ ಹಿಂದಿನ ರಸ್ತೆಯ ಮಹೇಶನ ಚಿಕ್ಕಪ್ಪ ದುಬೈಯಿಂದ ಟೀವಿಗೆ ಸಿಕ್ಕಿಸುವ ಕಂಪ್ಯೂಟರ್ ತಂದರು. ಜೊತೆಗೆ ತಮ್ಮ ಆಟದ ಕ್ಯಾಸೆಟ್. ಅದನ್ನು ಟೇಪ್ ರೆಕಾರ್ಡರಿಗೆ ಹಾಕಿದರೆ, ಹಾಲು ಉಕ್ಕುವಷ್ಟು ಹೊತ್ತು ಕಿವಿ ತೂತಾಗುವಂತೆ ಕೀಚುಗುಟ್ಟಿ, ಆಮೇಲೆ ತಮ್ಮ ಟಾಮಿಯ ದರ್ಶನವಾಗುತ್ತಿತ್ತು. ಮೂಗು, ಮೀಸೆ, ಟೋಪಿ ಎಲ್ಲ ಸೇರಿ ನಾಲ್ಕು ಹಸಿರು ಚೌಕ. ಬಾವಲಿಗಳು ತಟ್ಟೆಯಿಂದ ಜಾರಿದ ಇಡ್ಲಿಗಳಂತೆ ಬರುತ್ತಿದ್ದವು. ಗಂಟಲು ಕಟ್ಟಿದ ಕೋಳಿಯ ಸಂಗೀತ. ಡಬ್ಬಿಯ ಮೇಲೆ ಮಾತ್ರ ‘ಯಂತ್ರದಲ್ಲಿದ್ದ ಆಟ, ಇದ್ದದ್ದು ಇದ್ದ ಹಾಗೆ’ ಎಂದು ಬರೆದಿದ್ದಿರಿ. ಅದನ್ನು ಬರೆದವರು ಯಾರೋ, ಅವರ ಧೈರ್ಯಕ್ಕೆ ಒಂದು ಶಾಲು ಹೊದಿಸಬೇಕೆಂದು ನನಗೆ ಇಂದಿಗೂ ಆಸೆ.

ಬೇಸಿಗೆ ರಜೆಯಲ್ಲಿ ಮಹೇಶ ಮೂರು ಮಹಡಿ ಹತ್ತಿದ. ಬೀದಿಯ ಮಕ್ಕಳೆಲ್ಲ ಗೂಬೆಗಾಗಿ ಉಸಿರು ಬಿಗಿಹಿಡಿದು ಕೂತರು. ಟಾಮಿ ನೇರವಾಗಿ ಒಂದನೆಯ ಮಹಡಿಗೆ ಬಂದು ನಿಂತ. ಇನ್ನೊಮ್ಮೆ ಹತ್ತಿದರೂ ಅಷ್ಟೇ. ಮಹೇಶ ಎದ್ದು ನಿಂತು, ‘ಲೋ ಸಿದ್ದು, ಎಲ್ಲೋ ನಿನ್ ಗೂಬೆ? ಬುರುಡೆ ಬುಟ್ಯಾ ಇಷ್ಟ್ ದಿನ?’ ಎಂದ. ಅಂದಿನಿಂದ ನನ್ನ ತಮ್ಮ ‘ಬುರುಡೆ ಸಿದ್ದು’ ಆದ.

ಕ್ಯಾಸೆಟ್ಟಿನಲ್ಲಿ ಜಾಗ ಸಾಲದೆ ಒಂದು ಮಹಡಿ ಬಿಟ್ಟಿದ್ದೀರೆಂದು ಈಗ ತಿಳಿದವರು ಹೇಳುತ್ತಾರೆ. ಇರಬಹುದು. ನಮ್ಮ ಬಸ್ಸಿನಲ್ಲೂ ಜಾಗ ಸಾಲುವುದಿಲ್ಲ. ಆದರೆ ನಾವು ‘ಇಲವಾಲಕ್ಕೆ ಜಾಗ ಇಲ್ಲ’ ಎನ್ನುತ್ತೇವೆಯೇ ಹೊರತು, ‘ಇಲವಾಲ ಅನ್ನೋ ಊರೇ ಇಲ್ಲ’ ಎನ್ನುವಷ್ಟು ಪ್ರತಿಭೆ ನಮ್ಮ ಇಲಾಖೆಯಲ್ಲಿ ಇನ್ನೂ ಬೆಳೆದಿಲ್ಲ.

ತಮ್ಮ ಕೃಪೆ ಅಲ್ಲಿಗೇ ನಿಲ್ಲಲಿಲ್ಲ. ಕೆಲವು ವರ್ಷಗಳ ಮೇಲೆ ಟೀವಿಗೆ ಹಾಕುವ ಗೇಮ್ ಬಂತು. ಬನ್ನಿಮಂಟಪದ ಬಳಿ ಸ್ಕೂಟರ್ ರಿಪೇರಿ ಕಲಿಯುತ್ತಿದ್ದ ಸಿದ್ದು ಅದನ್ನು ಯಾರಿಂದಲೋ ಬೇಡಿ ತಂದು, ಒಂದು ಭಾನುವಾರ ಊಟ ಬಿಟ್ಟು ಆಡಿದ. ಟಾಮಿಗೆ ಈ ಸಲ ಮೂಗು ಬಂದಿತ್ತು; ನಾಲ್ಕನೆಯ ಮಹಡಿ ಬಂದಿರಲಿಲ್ಲ. ಆಮೇಲೆ ಮೊಬೈಲಿನಲ್ಲಿ ಬಂತು. ಪ್ರತಿ ಮೆಟ್ಟಿಲಿಗೂ ಒಂದು ಮಂಡಿನೋವಿನ ಎಣ್ಣೆಯ ಜಾಹೀರಾತು ನೋಡಿಕೊಂಡು ಸಿದ್ದು ಮೂರು ಮಹಡಿ ಹತ್ತಿ, ಮತ್ತೆ ಒಂದನೆಯದಕ್ಕೆ ಬಿದ್ದ. ಅಂದು ಅವನು ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟು, ‘ನಾನೇ ಕನಸ್ ಕಂಡಿದ್ನೇನೋ ಬುಡಕ್ಕ’ ಎಂದ. ಆ ಮೇಲೆ ಗೂಬೆಯ ಮಾತನ್ನು ದೊಡ್ಡವರ ಮುಂದೆ ಎತ್ತಲಿಲ್ಲ. ಮಗಳು ಸಮನ್ವಿತಾಳಿಗೆ ಮಾತ್ರ, ಅವಳು ಊಟಕ್ಕೆ ಹಟ ಮಾಡಿದಾಗ, ಟೋಪಿ ತೆಗೆಯುವ ಗೂಬೆಯ ಕಥೆ ಹೇಳುತ್ತಿದ್ದ.

ಅಡ್ಡಹೆಸರು ಎಂದರೆ ತಮಾಷೆ ಎಂದು ತಾವು ತಿಳಿದಿರಬಹುದು. ಸಿದ್ದು ಗ್ಯಾರೇಜ್ ಇಟ್ಟಾಗ ಅದೂ ‘ಬುರುಡೆ ಗ್ಯಾರೇಜ್’ ಆಯಿತು. ‘ಕ್ಲಚ್ ಪ್ಲೇಟ್ ಸವೆದೈತೆ ಸಾ’ ಎಂದು ಇವನು ಹೇಳಿದರೆ ಗಿರಾಕಿ ನಕ್ಕು ಗಾಡಿ ಹೊಡೆದುಕೊಂಡು ಹೋಗುತ್ತಿದ್ದ. ಮಿಲೇನಿಯಂ ಸರ್ಕಲ್ಲಿನ ತನಕ ಹೋಗಿ ತಳ್ಳಿಕೊಂಡು ವಾಪಸು ಬರುತ್ತಿದ್ದ. ಇದಕ್ಕೆ ನಾವು ಮನೆಯವರೂ ನಗುತ್ತಿದ್ದೆವು.

ನಗಲಾಗದ ಸಂಗತಿ ಒಂದಿದೆ. ಹನ್ನೊಂದು ವರ್ಷದ ಹಿಂದೆ ಸಿದ್ದು ನನಗೆ ಫೋನ್ ಮಾಡಿ, ‘ಅಕ್ಕ, ಅವ್ವಂಗೆ ದಾರಿ ಮರ್ತೋಯ್ತದೆ. ಎರಡ್ ಸಲ ಆಯ್ತು. ಡಾಕ್ಟ್ರಿಗೆ ತೋರ್ಸಮ’ ಎಂದ. ನಮ್ಮವ್ವ ಚೆಲುವಮ್ಮನಿಗೆ ಬೀದಿಬೀದಿಯ ನಾಯಿಯ ಹೆಸರೂ ಗೊತ್ತಿತ್ತು. ‘ಬುರುಡೆ ಬುಡಬ್ಯಾಡ ಕಣೋ’ ಎಂದು ನಾನು ಫೋನ್ ಇಟ್ಟೆ. ಒಂದು ತಿಂಗಳಾದ ಮೇಲೆ ಅವ್ವ ತರಕಾರಿಗೆಂದು ಹೊರಟವರು ಮನೆಗೆ ಬರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಹುಡುಕಿದೆವು. ಕೊನೆಗೆ ನನ್ನ ಜೊತೆಯ ಕಂಡಕ್ಟರೊಬ್ಬರು ಇಲವಾಲದ ಟೀ ಅಂಗಡಿಯ ಬೆಂಚಿನ ಮೇಲೆ ಅವ್ವನನ್ನು ಗುರುತು ಹಿಡಿದರು. ಕಾಲಿನಲ್ಲಿ ಚಪ್ಪಲಿ ಇರಲಿಲ್ಲ, ಅಂಗಾಲು ಒಡೆದಿತ್ತು. ಓಡಿಹೋದ ನನ್ನನ್ನೇ ಅವ್ವ ‘ಯಾರವ್ವ ನೀನು?’ ಎಂದು ಕೇಳಿದರು. ಮೊದಲೇ ಕರೆತರಬಾರದಿತ್ತೇ ಎಂದು ಡಾಕ್ಟರು ಗದರಿದಾಗ ಸಿದ್ದು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವ್ವ ಈಗಿಲ್ಲ. ಇದನ್ನು ತಮ್ಮ ತಲೆಗೆ ಕಟ್ಟುತ್ತಿಲ್ಲ. ಆ ದಿನ ಫೋನ್ ಇಟ್ಟವಳು ನಾನು. ಒಂದು ಮಹಡಿ ಇಲ್ಲದಿದ್ದರೆ ಏನೇನು ಉರುಳುತ್ತದೆಂದು ತಮಗೂ ತಿಳಿದಿರಲಿ ಎಂದಷ್ಟೇ.

ಇನ್ನು ಕಳೆದ ತಿಂಗಳ ವಿಚಾರ. ತಮ್ಮ ನಲವತ್ತರ ಸಂಭ್ರಮದ ಆವೃತ್ತಿಯನ್ನು ಸಮನ್ವಿತಾ ಅಪ್ಪನ ಹುಟ್ಟುಹಬ್ಬಕ್ಕೆಂದು ತಂದಳು. ಭಾನುವಾರ ಮಧ್ಯಾಹ್ನ, ನಾನೂ ಅಲ್ಲೇ ಇದ್ದೆ. ಅವಳು ಆಡುತ್ತಿದ್ದಳು, ಸಿದ್ದು ಬಾಗಿಲ ಬಳಿ ಯಾವುದೋ ಕಾರ್ಬೋರೇಟರ್ ಬಿಚ್ಚಿಕೊಂಡು ಕೂತಿದ್ದ. ಮೂರನೆಯ ಮಹಡಿ ಮುಗಿಯಿತು. ಟೀವಿ ಒಂದು ಕ್ಷಣ ಕಪ್ಪಾಯಿತು. ಮುರಿದ ಸೇತುವೆ ಬಂತು.

‘ಅಪ್ಪಾ! ಗೂಬೆ!’ ಎಂದು ಹುಡುಗಿ ಕಿರುಚಿದಳು.

ಟಾಮಿ ಗಂಟೆ ಬಾರಿಸಿದ. ಗೂಬೆ ಟೋಪಿ ತೆಗೆದು ಬಗ್ಗಿತು. ಸಿದ್ದು ಎದ್ದು ಹೋಗಿ ಕೈಯ ಗ್ರೀಸನ್ನು ಸೋಪು ಹಾಕಿ ತೊಳೆದುಕೊಂಡು, ಒರೆಸಿಕೊಂಡು ಬಂದು ಟೀವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ‘ಇನ್ನೊಂದ್ಸಲ ತೋರ್ಸು ಮಗಳೇ’ ಎಂದ. ಏಳು ಸಲ ತೋರಿಸಿದಳು.

ನಾನು ತಡೆಯಲಾರದೆ ಮಹೇಶನನ್ನು ಕರೆಸಿದೆ. ಅವನೀಗ ಕುವೆಂಪುನಗರದಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ. ಬಂದ, ನೋಡಿದ, ಡಬ್ಬಿಯನ್ನು ಕೈಗೆತ್ತಿಕೊಂಡು ಮಾತ್ರೆಯ ಎಕ್ಸ್‌ಪೈರಿ ನೋಡುವವನಂತೆ ತಿರುಗಿಸಿ ತಿರುಗಿಸಿ ಓದಿದ. ‘ಇಲ್ನೋಡಿ ಸುಮಕ್ಕ, ಬರ್ದವ್ರಲ್ಲ. ಹೊಚ್ಚಹೊಸ ನಾಲ್ಕನೇ ಹಂತ, ಇದೇ ಮೊದಲ ಬಾರಿಗೆ ಅಂತ. ಹಳೇದ್ರಲ್ಲಿ ಇರ್ನಿಲ್ಲ ಅಂತ ಕಂಪನಿಯೋರೇ ಒಪ್ಕೊಂಡವ್ರೆ.’

ಮಾನ್ಯರೇ, ಈ ಜಾಣ್ಮೆಯನ್ನು ಹೊಗಳಲು ನನ್ನ ಭಾಷೆ ಸಾಲದು. ತಮ್ಮದೇ ಹಳೆಯ ಸೊತ್ತನ್ನು ಕದ್ದು, ಮೂವತ್ತೈದು ವರ್ಷ ಬಚ್ಚಿಟ್ಟು, ಈಗ ಅದಕ್ಕೇ ರಿಬ್ಬನ್ ಕಟ್ಟಿ ‘ಹೊಸದು’ ಎಂದು ಮಾರುವ ಕಲೆ ನಮ್ಮ ಊರಿನ ಹಳೇ ಸೀರೆ ವ್ಯಾಪಾರಿಗಳಿಗೂ ಸಿದ್ಧಿಸಿಲ್ಲ. ಆದರೂ ಕಣ್ತಪ್ಪಿರಬಹುದೆಂದು ತಮ್ಮ ಗ್ರಾಹಕ ಸೇವೆಗೆ ಬರೆದೆ. ಎರಡು ನಿಮಿಷದಲ್ಲಿ ಉತ್ತರ ಬಂತು: ‘ಪ್ರಿಯ ಆಟಗಾರರೇ, ನಾಲ್ಕನೆಯ ಹಂತ ಈ ಆವೃತ್ತಿಗಾಗಿಯೇ ರಚಿಸಿದ್ದು. ತಮ್ಮ ಸಹೋದರರು ಬೇರೆ ಆಟವನ್ನು ನೆನೆಯುತ್ತಿರಬಹುದು. ಈ ಉತ್ತರ ತೃಪ್ತಿ ತಂದಿತೇ?’ ಕೆಳಗೆ ಐದು ನಕ್ಷತ್ರ. ಹನ್ನೆರಡು ವರ್ಷದ ಹುಡುಗನನ್ನು ಸುಳ್ಳುಗಾರನೆಂದದ್ದು ಸಾಲದೆ, ನಲವತ್ತೆಂಟರ ಗಂಡಸನ್ನೂ ಇನ್ನೊಮ್ಮೆ ಹಾಗೆಂದು, ಅದಕ್ಕೆ ನನ್ನಿಂದ ನಕ್ಷತ್ರ ಬೇರೆ ಕೇಳುತ್ತೀರಿ.

ಆದ್ದರಿಂದ ನನ್ನ ಕೋರಿಕೆಗಳು ಸರಳ. ತಾವು ಖುದ್ದಾಗಿ ಮೈಸೂರಿಗೆ ಬಂದು ಮಹೇಶನ ಅಟ್ಟದ ಮೇಲಿರುವ ಕ್ಯಾಸೆಟ್ಟಿನಲ್ಲಿ ನಾಲ್ಕನೆಯ ಮಹಡಿಯನ್ನು ಕಟ್ಟಿಕೊಡಬೇಕು. ಜಾಗ ಸಾಲದಿದ್ದರೆ ಒಂದನೆಯದನ್ನು ಕೆಡವಿಕೊಳ್ಳಿ. ಕ್ಲಚ್ ಪ್ಲೇಟಿನ ವಿಷಯದಲ್ಲಿ ನಕ್ಕ ಗಿರಾಕಿಗಳನ್ನೆಲ್ಲ ಕರೆಸಿ, ಗ್ಯಾರೇಜಿನ ಮುಂದೆ ಆ ಗೂಬೆಯಿಂದಲೇ ಟೋಪಿ ತೆಗೆಸಿ ನಮಸ್ಕಾರ ಮಾಡಿಸಬೇಕು. ಮತ್ತು ಅವ್ವ ಮನೆ ಬಿಟ್ಟ ಆ ಬೆಳಿಗ್ಗೆಯನ್ನು, ತಾವು ಆಟಗಳನ್ನು ಮತ್ತೆ ಮತ್ತೆ ಶುರು ಮಾಡಿಕೊಡುತ್ತೀರಲ್ಲ, ಹಾಗೆ ಒಂದು ಸಲ ಮೊದಲಿನಿಂದ ಶುರು ಮಾಡಿಕೊಡಬೇಕು.

ಇಷ್ಟು ಬರೆದ ಮೇಲೆ ನನ್ನದನ್ನೂ ಹೇಳಬೇಕಾಗುತ್ತದೆ. ಆ ದಸರಾ ಮಧ್ಯಾಹ್ನ ನಾನು ಸಿದ್ದುವಿನ ಬೆನ್ನ ಹಿಂದೆಯೇ ನಿಂತಿದ್ದೆ. ಗೂಬೆ ಟೋಪಿ ತೆಗೆದದ್ದನ್ನು ನಾನೂ ನೋಡಿದೆ. ನನಗಾಗ ಹದಿನಾರು, ಟೈಪಿಂಗ್ ಕ್ಲಾಸಿಗೆ ಹೋಗುತ್ತೇನೆಂದು ಹೇಳಿ ವಸ್ತುಪ್ರದರ್ಶನಕ್ಕೆ ಹೋಗಿದ್ದೆ. ಕ್ಯಾಸೆಟ್ಟಿನಲ್ಲಿ ಗೂಬೆ ಸಿಗದ ದಿನ ಮಹೇಶ ನಮ್ಮ ಮನೆಯ ಬಾಗಿಲಿಗೇ ಬಂದು, ಅಪ್ಪ ಮೂಗಯ್ಯ ಜಗಲಿಯಲ್ಲಿ ಕೂತಿರುವಾಗ, ‘ಸುಮಕ್ಕ, ನೀವೂ ನೋಡಿದ್ರಂತೆ, ಹೌದಾ?’ ಎಂದು ಕೇಳಿದ. ನಾನು, ‘ನಾನ್ಯಾವಾಗ್ಲಾ ಅಲ್ಲಿಗೆ ಹೋಗಿದ್ದೆ?’ ಎಂದೆ. ಸಿದ್ದು ನನ್ನ ಮುಖ ನೋಡಿದ, ಸುಮ್ಮನಾದ. ತಮ್ಮ ಮೂರು ಮಹಡಿಯ ಆಟಗಳನ್ನು ನೋಡುತ್ತಾ ನೋಡುತ್ತಾ, ಬರಬರುತ್ತಾ, ನಾನು ನೋಡಿದ್ದೇ ಸುಳ್ಳಿರಬೇಕೆಂದು ನನಗೂ ನಂಬಿಕೆ ಬಂತು. ಆ ಮಟ್ಟಿಗೆ ತಮ್ಮಿಂದ ನನಗೆ ಬಹಳ ಉಪಕಾರವಾಗಿದೆ.

ಕಳೆದ ಗುರುವಾರ ಡ್ಯೂಟಿ ಮುಗಿಸಿ, ಯೂನಿಫಾರ್ಮಿನಲ್ಲೇ ಮಹೇಶನ ಅಂಗಡಿಗೆ ಹೋಗಿ, ಔಷಧಿಗೆ ನಿಂತಿದ್ದ ಜನರ ಎದುರಿಗೇ ಹೇಳಿದೆ: ನಾನು ಅಲ್ಲಿದ್ದೆ, ನೋಡಿದೆ, ನನ್ನ ತಮ್ಮ ಹೇಳಿದ್ದು ನಿಜ. ಮಹೇಶ ಕೈಯಲ್ಲಿದ್ದ ಸಿರಪ್ಪಿನ ಬಾಟಲಿಯನ್ನು ಕೆಳಗಿಟ್ಟು, ‘ಅಯ್ಯೋ ಸುಮಕ್ಕಾ, ಇಷ್ಟ್ ವರ್ಷ ಯಾಕ್ರೀ ಸುಮ್ನಿದ್ರಿ?’ ಎಂದ. ಅಲ್ಲಿಂದ ಗ್ಯಾರೇಜಿಗೆ ಹೋದೆ. ಸಿದ್ದು ಒಂದು ಸ್ಕೂಟರಿನ ಕೆಳಗೆ ಮಲಗಿದ್ದ. ಅವನ ಕಾಲುಗಳಿಗೇ ಎಲ್ಲವನ್ನೂ ಹೇಳಿದೆ.

‘ನಂಗೊತ್ತಿತ್ತು ಕಣಕ್ಕ’ ಎಂದವು ಆ ಕಾಲುಗಳು. ‘ನನ್ ಅಂಗಿ ಹಿಡ್ಕೊಂಡ್ ನಿಂತಿದ್ದೆ ನೀನು. ಗೂಬೆ ನೋಡಿ ನಗಾಡ್ದೆ.’

‘ಮತ್ಯಾಕ್ಲಾ ಅವತ್ತೇ ಹೇಳ್ಲಿಲ್ಲ?’

‘ಹೇಳಿದ್ರೆ ಅಪ್ಪ ನಿನ್ ಕ್ಲಾಸ್ ಬುಡಿಸ್ಬುಡ್ತಿದ್ರು. ಆ ಹತ್ತರ ಸ್ಪ್ಯಾನರ್ ಕೊಡು.’

ಕೊಟ್ಟೆ. ಅವನು ಕೈ ಚಾಚಿ ತೆಗೆದುಕೊಂಡ.

ತಾವು ಒಂದು ಮಹಡಿ ಅಡಗಿಸಿದ ಹಾಗೆಯೇ ತನ್ನದೊಂದನ್ನು ಅಡಗಿಸಿದ್ದ,
ಆದರೆ ಅದನ್ನು ‘ಹೊಚ್ಚಹೊಸದು’ ಎಂದು ಮಾರದ,
ತಮ್ಮ ವಿಶ್ವಾಸಿ,
ಸುಮಾ

ತಾ.ಕ.: ಮೂಲ ಯಂತ್ರದಲ್ಲಿ ಐದನೆಯ ಮಹಡಿಯೂ ಇತ್ತು, ಅಲ್ಲಿ ಗೂಬೆ ಟಾಮಿಗೆ ಕಾಫಿ ಕೊಡುತ್ತಿತ್ತು ಎಂದು ಸಿದ್ದು ಶುಕ್ರವಾರದಿಂದ ಎಲ್ಲರಿಗೂ ಹೇಳಲು ಶುರು ಮಾಡಿದ್ದಾನೆ. ಇದು ಮಾತ್ರ ಅಪ್ಪಟ ಬುರುಡೆ. ಆಟ ನಾಲ್ಕಕ್ಕೇ ಮುಗಿದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ಮಹೇಶನೂ ಸೇರಿದಂತೆ ಬೀದಿಯೆಲ್ಲ ಕಣ್ಣು ಮುಚ್ಚಿ ನಂಬಿಬಿಟ್ಟಿದೆ, ಮತ್ತು ಈ ಸಲ ನಾನು ತುಟಿ ಬಿಚ್ಚುವವಳಲ್ಲ. ಆದ್ದರಿಂದ ದಯವಿಟ್ಟು ಅದನ್ನು ಬೇಗ ಕಟ್ಟಿಸಿ, ಡಬ್ಬಿಯ ಮೇಲೆ ‘ಹಳೆಯದು’ ಎಂದು ಮುದ್ರಿಸಿ. ಸುಳ್ಳು ಹೇಳುವ ಅಭ್ಯಾಸ ತಮಗೆ ಹೇಗೂ ಇದೆ.