ಬುಗುರಿಯ ಹುಟ್ಟೂರು

ಈಗ ಗುಂಡಿ ಒತ್ತಿದರೆ ಸಾಕು, ಸರಕು ಯಾವ ಊರಿನದೆಂಬ ಪ್ರಮಾಣಪತ್ರ ಬಂದು ಬೀಳುತ್ತದೆ. ಆಗ ವರ್ತಕರ ಸಂಘದ ಸಾಹೇಬರ ಮುಂದೆ ನಿಂತು ಹಲ್ಲು ಗಿಂಜಬೇಕಿತ್ತು. ಆಟಿಕೆ ಕಂಪನಿಯ ಪರವಾಗಿ ಗಿಂಜುವ ಕೆಲಸ ಅಲ್ಲಿನ ಗುಮಾಸ್ತನದು. ಯಾವಾಗಲೂ ಓಡುತ್ತಲೇ ಇರುತ್ತಿದ್ದುದರಿಂದ ಎಲ್ಲರೂ ಅವನನ್ನು ಗಡಿಬಿಡಿ ಎಂದೇ ಕರೆಯುತ್ತಿದ್ದರು.

ಅಂದು ಹಡಗು ಹತ್ತಬೇಕಿದ್ದದ್ದು ಪೆಟ್ಟಿಗೆಗಟ್ಟಲೆ ಬುಗುರಿ. ಅವು ಇಲ್ಲಿಯೇ ತಯಾರಾದವು ಎಂಬ ಪತ್ರವಿಲ್ಲದೆ ಬಂದರಿನವರು ಮುಟ್ಟುವಂತಿರಲಿಲ್ಲ. "ಸಂಜೆ ಹಡಗು ತಪ್ಪಿದ್ರೆ ನಿನ್ನ ಕೆಲಸಾನೂ ತಪ್ತು ಅಂತ ತಿಳ್ಕೊ" ಎಂದಿದ್ದರು ಕಂಪನಿಯ ಯಜಮಾನರು.

ಸಾಹೇಬರು ಗಡಿಬಿಡಿ ತಂದಿದ್ದ ಮಾದರಿಯ ಬುಗುರಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದು ಇಲ್ಲೀದೇ ಅಂತ ಏನ್ರೀ ಗ್ಯಾರಂಟಿ? ಆಡ್ಸಿ, ನೋಡೋಣ."

ಗಡಿಬಿಡಿ ಚಾಟಿ ಸುತ್ತಿ ಎಸೆದ. ಬುಗುರಿ ಟೈಪಿಸ್ಟ್ ಅಕ್ಕನ ಮೇಜಿನ ಕೆಳಗೆ ಹೋಗಿ ಮಲಗಿತು.

"ಅಯ್ಯೋ, ಸುತ್ತೋದು ಹಾಗಲ್ಲಪ್ಪ!" ಎಂದು ಅಕ್ಕ ಕನ್ನಡಕ ತೆಗೆದಿಟ್ಟು ಎದ್ದರು. ಕಾವಲುಗಾರ ಬಾಗಿಲು ಬಿಟ್ಟು ಬಂದು, ಮೊದಲ ಸರದಿ ತನ್ನದೆಂದ. ಸಾಹೇಬರಿಗೂ ತಡೆಯಲಾಗಲಿಲ್ಲ. ಡ್ರಾಯರಿನ ಬೀಗ ತೆಗೆದು ತಮ್ಮದೇ ಒಂದು ಬುಗುರಿ ಹೊರಗಿಟ್ಟರು. ನೋಡಲು ಎರಡೂ ಅವಳಿ ಜವಳಿ.

"ಹಡಗಿನ ಕೆಲಸದಲ್ಲಿದ್ದ ನಮ್ಮ ಸೋದರಮಾವ ತಂದ್ಕೊಟ್ಟಿದ್ದು. ಶಾಲೇಲಿ ಇದನ್ನ ಸೋಲ್ಸಿದೋರೇ ಇಲ್ಲ" ಎನ್ನುತ್ತಾ ಎಸೆದರು.

ಅದು ಗುಂಯ್ ಎಂದು ಹಾಡುತ್ತಾ ತಿರುಗಿತು. ಎಲ್ಲರೂ ಅದರ ಸುತ್ತ ಕುಕ್ಕರಗಾಲಲ್ಲಿ ಕೂತರು. ಅಲ್ಲಿ ಆಗ ಸಾಹೇಬರೂ ಇರಲಿಲ್ಲ, ಗುಮಾಸ್ತನೂ ಇರಲಿಲ್ಲ, ಬರೀ ಮಕ್ಕಳಿದ್ದರು. ಅಂಥ ಮಧ್ಯಾಹ್ನಗಳು ಈಗೆಲ್ಲಿ! ನೆನೆದರೆ ಹೊಟ್ಟೆಯುರಿಯುತ್ತದೆ.

ಅಷ್ಟರಲ್ಲಿ ಬಂದರಿನ ಸೈರನ್ ಕೂಗಿತು. "ಸಾರ್, ನನ್ನ ಹಡಗು!" ಎಂದು ಗಡಿಬಿಡಿ ಚೀರಿದ. ಮಾದರಿಯನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತುವುದು ಆಗಿನ ಪದ್ಧತಿ. ಸಾಹೇಬರು ಬೆಚ್ಚಿಬಿದ್ದು, ನೆಲದ ಮೇಲಿದ್ದ ಎರಡರಲ್ಲಿ ಕೈಗೆ ಸಿಕ್ಕಿದ್ದನ್ನು ತುರುಕಿ, ಮುದ್ರೆ ಒತ್ತಿ, ಪತ್ರಕ್ಕೆ ಸಹಿ ಹಾಕಿ ಕೊಟ್ಟರು.

ಗಡಿಬಿಡಿ ಎದ್ದೆನೋ ಬಿದ್ದೆನೋ ಎಂದು ಓಡಿದ. ಪೆಟ್ಟಿಗೆಗಳು ಹಡಗು ಹತ್ತಿದವು. ಹಡಗು ನಿಲ್ಲುವ ದಕ್ಕೆಯಲ್ಲಿ ಯಜಮಾನರ ಜೊತೆ ನಿಂತಿದ್ದ ಹೊರದೇಶದ ಗಿರಾಕಿ, ಒಬ್ಬ ಮುದುಕ, ಲಕೋಟೆ ಒಡೆದು ಬುಗುರಿಯನ್ನು ತಲೆಕೆಳಗು ಮಾಡಿದ. ಅವನ ಕಣ್ಣು ತುಂಬಿ ಬಂತು.

"ಮೊಳೆ ಪಕ್ಕದಲ್ಲಿ ಈ ಮೀನು ನೋಡಿ, ನಮ್ಮಪ್ಪನ ಗುರುತು! ನಮ್ಮೂರಲ್ಲಿ ಅವರ ಕೈಯಾರೆ ಮಾಡಿದ್ದು. ಒಂದೂ ಉಳಿದಿಲ್ಲ ಅಂದ್ಕೊಂಡಿದ್ದೆ."

ಲಕೋಟೆ ಸೇರಿದ್ದು ಸಾಹೇಬರ ಸೋದರಮಾವ ತಂದುಕೊಟ್ಟ ಬುಗುರಿ ಎಂದು ಗಡಿಬಿಡಿಗೆ ಆಗ ಹೊಳೆಯಿತು.

"ಇದನ್ನ ನಾನು ಮನೆಗೆ ಒಯ್ತೀನಿ" ಎಂದ ಮುದುಕ ಕಣ್ಣೊರೆಸಿಕೊಳ್ಳುತ್ತಾ. "ಇದು ನಮ್ಮ ದೇಶದ್ದೇ ಅಂತ ಒಂದು ಪತ್ರ ಮಾಡಿಸ್ಕೊಡಿ. ಮುಂದಿನ ಆರ್ಡರೂ ನಿಮಗೇ."

ಯಜಮಾನರು ಹಿಗ್ಗಿ ಹೀರೇಕಾಯಿಯಾದರು. "ಅದಕ್ಕೇನಂತೆ! ಗಡಿಬಿಡಿ, ಬೆಳಿಗ್ಗೆ ನಿನ್ನ ಮೊದಲ ಕೆಲಸ ಅದೇ ಕಣೋ. ಪತ್ರ ಇಲ್ದೆ ಬಂದ್ರೆ ಗೊತ್ತಲ್ಲ?"

ಸಹಿ ಹಾಕಬೇಕಾದವರು ಅದೇ ಸಾಹೇಬರು. ಮರುದಿನ ಗಡಿಬಿಡಿ ಸಂಘದ ಮೆಟ್ಟಿಲು ಹತ್ತುವಾಗ, ಒಳಗಿನಿಂದ ಡ್ರಾಯರುಗಳನ್ನು ದಡದಡ ಎಳೆಯುವ ಸದ್ದು ಕೇಳುತ್ತಿತ್ತು.

"ಬನ್ನಿ ಬನ್ನಿ," ಎಂದ ಕಾವಲುಗಾರ, "ಸಾಹೇಬ್ರು ನಿನ್ನೆಯಿಂದ ನಿಮ್ಮ ದಾರೀನೇ ಕಾಯ್ತಿದ್ದಾರೆ."