ಅರ್ಥ್ ಇಲ್ಲದ ಮನೆ

ಮನೆ ಅಳಿಯನಾದವನಿಗೆ ಗೋಡೆಗೊಂದು ಮೊಳೆ ಹೊಡೆಯುವ ಅಧಿಕಾರವೂ ಇರುವುದಿಲ್ಲ. ಇದನ್ನು ದೂರಿನಂತೆ ಹೇಳುತ್ತಿಲ್ಲ. ಬಸವಕಲ್ಯಾಣದ ಅತ್ತೆಯ ಮನೆಗೆ ಬಂದು ನೆಲೆಸಿದಾಗ ನನ್ನ ಕ್ಯಾಲೆಂಡರ್ ಎಲ್ಲಿ ತೂಗಬೇಕೆಂದು ಮಾವನವರು ಬೆರಳು ಮಾಡಿ ತೋರಿಸಿದರು, ನಾನು ಅಲ್ಲೇ ತೂಗುಹಾಕಿದೆ, ಇಬ್ಬರಿಗೂ ಸಮಾಧಾನವಾಗಿತ್ತು. ಅಂಥವನ ತಲೆಗೆ ಇಡೀ ಮನೆಯ ವೈರಿಂಗ್ ಬಂದು ಬಿತ್ತೆಂದರೆ ಅದಕ್ಕೆ ಒಂದೇ ಕಾರಣ. ಮಾವನವರು ಈಗ ಇಲ್ಲ.

ಮಾವನವರು ಹಿಟ್ಟಿನ ಗಿರಣಿ ನಡೆಸಿದವರು. ಮೋಟಾರು, ಪಟ್ಟಾ, ಫ್ಯೂಸುಗಳ ನಡುವೆಯೇ ಬದುಕಿದವರಿಗೆ ಮನೆಯ ಕರೆಂಟು ಮಕ್ಕಳಾಟವಾಗಿತ್ತು. ಕಲ್ಲು ಮಣ್ಣಿನ ಆ ದಪ್ಪ ಗೋಡೆಗಳ ಮೇಲಿನ ಕರಿ ಗುಂಡು ಸ್ವಿಚ್ಚುಗಳು, ಎರಡು ತೂತಿನ ಸಾಕೆಟ್ಟುಗಳು ಎಲ್ಲ ಅವರ ಕೈಯವೇ. ಮೂರು ಪಿನ್ನಿನ ಪ್ಲಗ್ ಯಾವುದಾದರೂ ಮನೆಗೆ ಬಂದರೆ ಮೂರನೆಯ ಪಿನ್ನನ್ನು ಇಕ್ಕಳದಿಂದ ಮುರಿದು, "ಮನಷ್ಯಾ ಎರಡ ಕಾಲಿನ ಮ್ಯಾಲ ನಿಂದರ್ತಾನ, ಮಷೀನಿಗೆ ಯಾಕ ಮೂರು ಬೇಕು?" ಎನ್ನುತ್ತಿದ್ದರು. ಕೊನೆಯ ವರ್ಷ ಫ್ರಿಜ್ ತಂದಾಗ ಮಾತ್ರ, ಅದರ ಬೆಲೆಗೆ ಮರ್ಯಾದೆ ಕೊಟ್ಟು, ಮೂರು ತೂತಿನ ಸಾಕೆಟ್ಟನ್ನು ತಾವೇ ಕೂರಿಸಿದರು. ಅದೇ ಅವರ ಕೈಯ ಕೊನೆಯ ಕೆಲಸವಾಯಿತು.

ಅವರು ಹೋದ ಮೇಲೆ ಮನೆಯೊಳಗೆ ಮಾತೇ ಕಡಿಮೆಯಾಯಿತು. ನಾನೂ ನನ್ನ ಹೆಂಡತಿ ಸುನಂದಾಳೂ ಹುಮನಾಬಾದಿನಲ್ಲಿ ಮಾಸ್ತರಿಕೆ ಮಾಡುವವರು. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಒಂದು ಸಂಜೆ ಅತ್ತೆ ರೊಟ್ಟಿ ಬಡಿಯುತ್ತ, ತಲೆ ಎತ್ತದೆ, "ಫ್ರಿಜ್ ಮುಟ್ಟಿದ್ರ ಕೈಯಾಗ ಜುಂ ಅಂತದವ್ವಾ. ನಿಮ್ಮಪ್ಪ ಇನ್ನಾ ಇಲ್ಲೇ ಅದಾರ" ಎಂದರು. ಸುನಂದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ಮುಟ್ಟಿದೆ. ಏನೂ ಆಗಲಿಲ್ಲ. ಮಾವನವರು ಅಲ್ಲಿಂದಲೂ ಅಳಿಯನನ್ನು ಮಾತಾಡಿಸುತ್ತಿಲ್ಲವೆಂದುಕೊಂಡು ಬಂದು ಊಟಕ್ಕೆ ಕುಳಿತೆ. ಹಿಮ್ಮಡಿ ನೋವಿನಿಂದಾಗಿ ನಾನು ಮನೆಯೊಳಗೂ ರಬ್ಬರ್ ಚಪ್ಪಲಿ ಹಾಕಿಕೊಂಡಿರುತ್ತೇನೆ, ಅತ್ತೆ ತಣ್ಣನೆಯ ಪರಸಿ ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ಓಡಾಡುತ್ತಾರೆ ಎಂಬುದು ಆಗ ಹೊಳೆಯಲಿಲ್ಲ. ವಯಸ್ಸಾದವರ ನಂಬಿಕೆ, ಇರಲಿ ಎಂದು ಬಿಟ್ಟೆವು. ಈ "ಇರಲಿ" ಎಂಬುದು ನಮ್ಮ ಮನೆಯಲ್ಲಿ ಬಹಳ ಕೆಲಸಗಳನ್ನು ಮಾಡದೆ ಮುಗಿಸಿದೆ.

ಮಳೆ ಹಿಡಿದಿದ್ದ ಒಂದು ರವಿವಾರ. ಅತ್ತೆ ಅಡುಗೆಮನೆ ತೊಳೆದು, ಒದ್ದೆ ಕೈಯಲ್ಲೇ ಹಾಲು ತೆಗೆಯಲು ಹೋದರು. ದಡ್ ಎಂಬ ಸಪ್ಪಳ ಕೇಳಿ ನಾವು ಓಡಿದಾಗ ಜೋಳದ ಚೀಲಕ್ಕೆ ಒರಗಿ ಬಿದ್ದಿದ್ದರು. ಕಣ್ಣು ತೆರೆದೇ ಇದ್ದವು, ಮಾತು ಮಾತ್ರ ಹೊರಡುತ್ತಿರಲಿಲ್ಲ. ಸುನಂದಾ ಮೇನ್ ಸ್ವಿಚ್ ಆರಿಸಿದಳು. ನಾನು ಏನು ಮಾಡಿದೆನೆಂದು ಈಗಲೂ ನೆನಪಿಗೆ ಬರುವುದಿಲ್ಲ. ಬಹುಶಃ ನಿಂತಿದ್ದೆ. ಎದೆಗೆ ಏನೂ ಆಗಿಲ್ಲ, ಮುಂಗೈ ಉಳುಕಿದೆ ಎಂದು ಡಾಕ್ಟರು ಬ್ಯಾಂಡೇಜ್ ಕಟ್ಟಿ ಕಳಿಸಿದರು.

ಮರುದಿನ ಹುಮನಾಬಾದಿನಿಂದ ಯೂಸುಫ್ ಎಂಬ ಎಲೆಕ್ಟ್ರಿಶಿಯನ್ನನ್ನು ಕರೆತಂದೆ. ಮನುಷ್ಯ ಒಳ್ಳೆಯವನು, ಆದರೆ ಮಾತಿಗೊಮ್ಮೆ ಸಾವಿನ ಸುದ್ದಿ ತರುವವನು. ಫ್ರಿಜ್ಜಿನ ಸಾಕೆಟ್ ಬಿಚ್ಚಿ, ಬ್ಯಾಟರಿ ಬೆಳಕು ಬಿಟ್ಟು ನೋಡಿ, ನಿಟ್ಟುಸಿರು ಬಿಟ್ಟ.

"ಮೂರನೇದ್ದಕ್ಕ ವೈರೇ ಇಲ್ಲರಿ ಸರ. ಹಿಂದ ಬರೇ ಜೇಡರ ಬಲಿ ಕಟ್ಟ್ಯದ. ಈ ಮನ್ಯಾಗ ಅರ್ಥ ಅನ್ನೋದೇ ಇಲ್ಲ."

ಮಕ್ಕಳಿಗೆ ಪದ್ಯಗಳ ಅರ್ಥ ಹೇಳಿಯೇ ಹೊಟ್ಟೆ ಹೊರೆದ ಕನ್ನಡ ಮಾಸ್ತರ ನಾನು. ನನ್ನ ಮುಖ ನೋಡಿ ಅವನೇ ಬಿಡಿಸಿ ಹೇಳಿದ. ಮಷೀನಿನ ಮೈಗೆ ಕರೆಂಟು ಸೋರಿದರೆ ಅದು ನೆಲಕ್ಕೆ ಇಳಿದುಹೋಗಲು ಒಂದು ಬೇರೆ ವೈರು ಬೇಕು. ಅದಿಲ್ಲದ ಮನೆಯಲ್ಲಿ ಮುಟ್ಟಿದವರ ಮೈಯೇ ಆ ವೈರು. ಗೋಡೆ ಮಣ್ಣಿನದು, ಮಾಳಿಗೆ ಮಣ್ಣಿನದು, ಅದರ ನಡುವೆ ನೆಲ ಮುಟ್ಟಿದ ವೈರು ಒಂದೂ ಇಲ್ಲ.

ಯಾರೋ ಹೇಳಿದ್ದು ನೆನಪಾಗಿ, ಮೂರನೆಯದನ್ನು ಅಲ್ಲೇ ಕರೆಂಟು ಮರಳುವ ನ್ಯೂಟ್ರಲ್ ವೈರಿಗೆ ಸೇರಿಸಿದರೆ ಆಗುವುದಿಲ್ಲವೇ ಎಂದೆ.

"ನ್ಯೂಟ್ರಲ್ ವೈರ್ ಹರದ ದಿನ ಫ್ರಿಜ್ಜಿನ ಮೈ ಪೂರಾ ಕರೆಂಟರಿ. ಮನ್ನಾಏಖೇಳ್ಳಿಯಾಗ ಒಬ್ರು ಹಾಂಗೇ ಮಾಡಿಸಿದ್ರು," ಎಂದು ಯೂಸುಫ್ ಚಹಾ ಕುಡಿಯತೊಡಗಿದ.

"ಮತ್ತ?"

"ಈಗ ಆ ಮನಿ ಖಾಲಿ ಅದರಿ."

ಕೆಲಸ ಶುರುವಾಗುವಷ್ಟರಲ್ಲಿ ಅತ್ತೆ ಅಡ್ಡ ಬಂದರು. "ಅವ್ರು ಹಾಕಿದ್ದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ" ಎಂದವರೇ, ಬ್ಯಾಂಡೇಜಿನ ಕೈ ಮಡಿಲಲ್ಲಿಟ್ಟುಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಸಮಾಧಾನದ ಮಾತು ನನಗೆ ಬರಲಿಲ್ಲ. ಸುನಂದಾ ಹೋಗಿ ಅವರ ಎದುರಿಗೆ ಕುಳಿತಳು. "ಅವ್ವಾ, ಅಪ್ಪನ ಹಿಂದ ನಿನ್ನೂ ಕಳಸಲೇನು?" ಎಂದು ಕೇಳಿದಳು. ಅತ್ತೆ ಪಕ್ಕಕ್ಕೆ ಸರಿದರು.

ಬಚ್ಚಲ ನೀರು ಹರಿದು ಸದಾ ತಂಪಾಗಿರುವ ಹಿತ್ತಲ ಮೂಲೆಯಲ್ಲಿ ಯೂಸುಫ್ ಮತ್ತು ಅವನ ಕೆಲಸದ ಹುಡುಗರು ತಗ್ಗು ತೋಡಿ, ಉದ್ದನೆಯ ಕಬ್ಬಿಣದ ಕೊಳವೆ ಇಳಿಸಿ, ಇದ್ದಿಲು ಉಪ್ಪು ತುಂಬಿದರು. ಅಲ್ಲಿಂದ ಹಸಿರು ವೈರು ಹೊರಟಿತು. ಮಣ್ಣಿನ ಗೋಡೆಗೆ ಉಳಿ ಹಚ್ಚಿದರೆ ಗೋಡೆಯೇ ಇಳಿದೀತೆಂದು ಪ್ಲಾಸ್ಟಿಕ್ ಪಟ್ಟಿಯೊಳಗೆ ಎಳೆದು ಒಂದೊಂದು ಸಾಕೆಟ್ಟಿಗೂ ಮುಟ್ಟಿಸಿದರು. ಮೇನ್ ಬೋರ್ಡಿನಲ್ಲಿ, ಕರೆಂಟು ಸೋರಿದರೆ ತಾನೇ ಬಿದ್ದು ಕರೆಂಟು ನಿಲ್ಲಿಸುವ ಸ್ವಿಚ್ ಬಂತು. ಯೂಸುಫ್ ಅದರ ಗುಂಡಿ ಒತ್ತಿದೊಡನೆ ಮನೆಯ ದೀಪಗಳೆಲ್ಲ ಆರಿದವು. "ಹಿಂಗ ಬಿತ್ತಂದ್ರ ಜೀವ ಉಳೀತದ" ಎಂದ. ಅವನ ಬಾಯಿಂದ ಬಂದ ಶುಭದ ಮಾತು ಅದೊಂದೇ. ಬಿಚ್ಚಿದ ಹಳೆಯ ಕರಿ ಸಾಕೆಟ್ಟುಗಳನ್ನು ಅತ್ತೆ ಒಂದೊಂದಾಗಿ ಎತ್ತಿ ಉಡಿಯಲ್ಲಿ ಹಾಕಿಕೊಳ್ಳುತ್ತಿದ್ದರು.

ಆ ಸಂಜೆ ಅವರು ಫ್ರಿಜ್ಜಿನ ಬಾಗಿಲ ಮೇಲೆ ಅಂಗೈ ಇಟ್ಟು ನಿಂತಿದ್ದರು. ಸುನಂದಾ ಅಂಗಡಿಗೆ ಹೋಗಿದ್ದಳು. ಈಗಲಾದರೂ ಒಂದು ಮಾತು ಆಡಬೇಕೆಂದು ನಾನು ಗಂಟಲು ಸರಿಮಾಡಿಕೊಂಡು, ದೇಹ, ಆತ್ಮ ಎಂದು ಶುರುಮಾಡಿದೆ. ಅವರು ಕೈಯೆತ್ತಿ ತಡೆದರು.

"ನಾ ಏನ್ ಹುಚ್ಚಿ ಏನ್ರಿ ಅಳಿಯಂದ್ರ? ಗಿರಣಿಯವರ ಮನ್ಯಾಕಿ ನಾನು. ಕರೆಂಟ್ ಅಂತ ಮೊದಲ ದಿನಾನೇ ಗೊತ್ತಾಗಿತ್ತು."

"ಮತ್ತ ಯಾಕ ಹೇಳ್ಲಿಲ್ರಿ?"

"ನೀವಿಬ್ರೂ ಬಸ್ಸಿಗೆ ಹೋದ್ರಂದ್ರ ಸಂಜೀತನಾ ಮನ್ಯಾಗ ಯಾರ ಇರ್ತಾರ? ಅದನ್ನ ಮುಟ್ಟಿದ್ರ ಯಾರೋ ಕೈ ಹಿಡದಂಗ ಆಗ್ತಿತ್ತು."

ಅಳಿಯನಾದವನು ಅತ್ತೆಯ ಕೈ ಹಿಡಿಯುವ ರೂಢಿ ನಮ್ಮ ಕಡೆ ಇಲ್ಲ. ನಾನು ಟೆಸ್ಟರ್ ತಂದು ಫ್ರಿಜ್ಜಿನ ಬಾಗಿಲಿಗೆ ಹಿಡಿದೆ. ದೀಪ ಹತ್ತಲಿಲ್ಲ. "ನೋಡ್ರಿ ಅತ್ತಿ, ಈಗ ಏನೂ ಇಲ್ಲ" ಎಂದೆ.

"ನಾನೂ ಅದನ್ನೇ ಹೇಳಾಕತ್ತೀನಿ" ಎಂದರು ಅತ್ತೆ.