ಮಕ್ಕಳೊಂದಿಗರಿಗೆ ಹಡಗಿನ ರೂಮು

ತರೀಕೆರೆಯಿಂದ ಸಮುದ್ರ ಎಷ್ಟು ದೂರ ಅಂತ ನನ್ನನ್ನು ಕೇಳಬೇಡಿ. ನನ್ನ ಅಂಗಡಿಗೆ ಬಂದು ಕೂತವರು ಅದು ಬಸ್ ಸ್ಟ್ಯಾಂಡಿನ ಹಿಂದೇ ಇದೆ ಅನ್ನೋ ಹಾಗೆ ಮಾತಾಡ್ತಾರೆ. ಅದಕ್ಕೇ ಇಂಥ ಪ್ರಸಂಗಗಳು ತಿಂಗಳಿಗೊಂದಾದರೂ ನಡೀತಾನೇ ಇರುತ್ತವೆ.

ಬಸ್ ಸ್ಟ್ಯಾಂಡ್ ಎದುರು ಮೆಡಿಕಲ್ ಶಾಪಿನ ಮಹಡಿ ಮೇಲೆ ನಮ್ಮದು ಟಿಕೆಟ್ ಅಂಗಡಿ. ಮುಂದಿನ ರೂಮಿನಲ್ಲಿ ಕಂಪ್ಯೂಟರ್, ಹಿಂದಿನ ರೂಮಿನಲ್ಲಿ ನಾನು. ‘ನಮ್ಮದು’ ಅನ್ನೋದು ಬಾಯಿಗೆ ಹತ್ತಿದ ಅಭ್ಯಾಸ. ಯಜಮಾನರು ಹೋಗಿ ಒಂಬತ್ತು ವರ್ಷವಾಯ್ತು. ಮಕ್ಕಳಾಗಲಿಲ್ಲ. ಬಸ್ಸು, ರೈಲು, ತಿರುಪತಿ, ಕಾಶಿ ಅಂತ ಅವರು ನಡೆಸಿದ್ದನ್ನೇ ನಾನೂ ನಡೆಸಿಕೊಂಡು ಬಂದೆ. ಈಚೆಗೆ ಇದರ ಜೊತೆ ಮುಂಬಯಿಯಿಂದ ಗೋವಾಕ್ಕೆ, ಲಕ್ಷದ್ವೀಪಕ್ಕೆ ಹೋಗೋ ದೊಡ್ಡ ಹಡಗಿನ ಟಿಕೆಟ್ಟೂ ಸೇರಿಕೊಂಡಿತು. ಊರಿನ ಒಂದು ಸಂಸಾರ ಹೋಗಿಬಂದು ಫೋನಿನ ಸ್ಟೇಟಸ್ಸಿಗೆ ಫೋಟೋ ಹಾಕಿದ್ದೇ ತಡ, ಕಡೂರಿನಿಂದ ಅಜ್ಜಂಪುರದವರೆಗೆ ಎಳೇ ಮಕ್ಕಳಿರೋ ತಂದೆತಾಯಿಗಳೆಲ್ಲ ಮೆಟ್ಟಿಲು ಹತ್ತತೊಡಗಿದರು. ಎಲ್ಲರದೂ ಒಂದೇ ಪ್ರಶ್ನೆ: “ಮಕ್ಕಳಿರೋರಿಗೆ ಯಾವ ರೂಮು ಒಳ್ಳೇದು?”

ಕೇಳುತ್ತಿದ್ದದ್ದು ಹಡಗನ್ನೂ ನೋಡದ, ಮಕ್ಕಳನ್ನೂ ಸಾಕದ ನನ್ನನ್ನ. ನಾನೂ ಗಂಭೀರವಾಗೇ ಉತ್ತರ ಹೇಳುತ್ತಿದ್ದೆ.

ಚಾನಲ್ಲು

ಕಡೂರಿನ ತೆಂಗಿನಕಾಯಿ ವ್ಯಾಪಾರಿ ಒಬ್ಬರು ಹೆಂಡತಿ ಮತ್ತು ಮೂರು ವರ್ಷದ ಅವಳಿ ಗಂಡುಮಕ್ಕಳ ಜೊತೆ ಬಂದರು. ಅವರಿಗೆ ಬಾಲ್ಕನಿ ಇರೋ ರೂಮೇ ಆಗಬೇಕು. ಮಾತು ಶುರುವಾಗೋದರೊಳಗೆ ಒಂದು ಮಗು ನನ್ನ ಮೇಜಿನ ಮೇಲಿತ್ತು, ಇನ್ನೊಂದು ಕಿಟಕಿ ಹತ್ತಿತ್ತು.

“ಬಾಲ್ಕನಿಗೆ ಗ್ರಿಲ್ ಇದ್ಯಾ ಅಕ್ಕ?” ಅಂದಳು ತಾಯಿ, ಕಿಟಕಿಯಿಂದ ಮಗುವನ್ನು ಕಿತ್ತುಕೊಳ್ಳುತ್ತಾ.

“ಇಲ್ಲಮ್ಮ, ಎದೆಮಟ್ಟ ಗಾಜು ಇರುತ್ತೆ.”

“ಗಾಜಾ! ಇವು ನಮ್ಮನೆ ಕಬ್ಬಿಣದ ಗೇಟನ್ನೇ ಮುರಿದಾಕವೆ!”

ವ್ಯಾಪಾರಿ ಯೋಚನೆ ಮಾಡಿ, “ಒಂದ್ ಕೆಲ್ಸ ಮಾಡಾಣ ಕಣ್ರೀ. ನಮ್ಮ ವೆಲ್ಡರ್‌ನ ಕಳಿಸ್ತೀನಿ. ಅರ್ಧ ದಿನದ ಕೆಲ್ಸ. ಹಡಗು ಎಲ್ಲಿ ನಿಂತಿರುತ್ತೆ ಹೇಳಿ” ಅಂದರು. ಗಿರಾಕಿ ಕೇಳಿದ ಮೇಲೆ ವಿಚಾರಿಸದೆ ಇರೋಕಾಗುತ್ತಾ? ಕಂಪನಿಗೆ ಫೋನ್ ಹಚ್ಚಿ, ಬಾಲ್ಕನಿಗೆ ಗ್ರಿಲ್ ಹಾಕಿಸಿಕೊಳ್ಳಬಹುದಾ ಅಂತ ಕೇಳಿದೆ. ಆ ಕಡೆಯ ಹುಡುಗಿ ಸ್ವಲ್ಪ ಹೊತ್ತು ಸಂಗೀತ ಕೇಳಿಸಿ, ಆಮೇಲೆ ಬಂದು ಮೆತ್ತಗೆ, “ಮೇಡಂ, ಅದು ಹಡಗು” ಅಂದಳು.

ಕೊನೆಗೆ ತಾಯಿಯ ಹಟವೇ ಗೆದ್ದು, ಹಡಗಿನ ಒಳಭಾಗದ, ಕಿಟಕಿಯೇ ಇಲ್ಲದ ರೂಮು ಮಾಡಿಸಿದರು. ಅಂಥ ರೂಮುಗಳಲ್ಲಿ ಹೊರಗಿನ ಸಮುದ್ರವನ್ನು ಟಿವಿಯಲ್ಲಿ ತೋರಿಸ್ತಾರೆ. ವಾಪಸ್ ಬಂದ ಮೇಲೆ ವ್ಯಾಪಾರಿ ಮುಖ ಹುಳ್ಳಗೆ ಮಾಡಿಕೊಂಡು ಮೆಟ್ಟಿಲು ಹತ್ತಿದರು.

“ಹೆಂಗಿತ್ತು ಸಮುದ್ರ?” ಅಂದೆ.

“ಏನ್ ಹೇಳ್ಲಿ? ಹತ್ತು ನಿಮಿಷ ನೋಡಿ, ‘ಅಪ್ಪಾ, ಬರೀ ನೀರು, ಬೇರೆ ಚಾನಲ್ ಹಾಕು’ ಅಂದ್ಬಿಟ್ವು ಕಣ್ರೀ.”

ಸೀಮೆಸುಣ್ಣ

ಅಜ್ಜಂಪುರದ ಕಡೆಯ ಹೈಸ್ಕೂಲು ಲೆಕ್ಕದ ಮೇಷ್ಟ್ರು. ಆಳು ಆರಡಿಗೂ ಮೇಲೆ. ಹೆಂಡತಿ, ಆರು ವರ್ಷದ ಮಗಳು, ಎರಡು ವರ್ಷದ ಮಗ. ರೂಮು ಇಷ್ಟು ಚದರಡಿ ಅಂತ ನಾನು ಓದಿ ಹೇಳಿದರೆ ಅವರಿಗೆ ಸಮಾಧಾನವಿಲ್ಲ.

“ಚದರಡಿ ಸರಿ ಮೇಡಂ. ನನ್ನ ಕಾಲು ಎಲ್ಲಿಗೆ ಬರುತ್ತೆ?”

ಮೇಷ್ಟ್ರು ಜೇಬಿನಿಂದ ಸೀಮೆಸುಣ್ಣ ತೆಗೆದರು. ಮುಂದಿನ ರೂಮಿನಲ್ಲಿ ಜಾಗ ಸಾಲದೆ ಹಿಂದಿನ ರೂಮಿನಲ್ಲಿ ನನ್ನ ಮಂಚವನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಹಡಗಿನ ರೂಮು ಬರೆದರು. ಇಲ್ಲಿ ಬಾಗಿಲು, ಇಲ್ಲಿ ಬಚ್ಚಲು, ಇಲ್ಲಿ ದೊಡ್ಡ ಹಾಸಿಗೆ. ಆಮೇಲೆ ನಾಲ್ಕೂ ಜನ ಅದರೊಳಗೆ ಮಲಗಿದರು. ಮೇಷ್ಟ್ರು ಮಲಗಿದ್ದಲ್ಲಿಂದಲೇ, “ಸುತ್ತ ಗೆರೆ ಎಳೀರಿ ಮೇಡಂ, ಕರೆಕ್ಟಾಗಿ ಗೊತ್ತಾಗುತ್ತೆ” ಅಂದರು. ನಾನು ಮಂಡಿಯೂರಿ ಒಬ್ಬೊಬ್ಬರ ಸುತ್ತ ಗೆರೆ ಎಳೆದೆ. ಚಿಕ್ಕದಕ್ಕೆ ಕಚಗುಳಿಯಾಗಿ ಕಿಲಕಿಲ ನಕ್ಕಿತು.

ಲೆಕ್ಕ ಸರಿಹೋಯ್ತು. ಆದರೆ ಮಕ್ಕಳಿಬ್ಬರೂ ಅಲ್ಲೇ ನಿಜವಾಗಿ ನಿದ್ದೆ ಹೋಗಿಬಿಟ್ಟಿದ್ದರು. ಎಬ್ಬಿಸೋಕೆ ಮನಸ್ಸಾಗದೆ ನಾವು ಮೂರು ಜನ ಗೋಡೆಗೊರಗಿ ಒಂದು ಗಂಟೆ ಪಿಸುಮಾತಾಡುತ್ತಾ ಕೂತೆವು. ಫ್ಯಾನಿನ ಸದ್ದು, ಮಕ್ಕಳ ಉಸಿರು. ಆ ರೂಮಿನಲ್ಲಿ ಪಿಸುಗುಟ್ಟಬೇಕಾದ ಪ್ರಸಂಗ ಅದುವರೆಗೆ ಬಂದಿರಲಿಲ್ಲ. ಸಂಜೆ ಬಸ್ಸಿಗೆ ಅವರು ಹೋದರು.

ನಾನು ನೆಲ ಒರೆಸಲಿಲ್ಲ. ಇವತ್ತು ಸೊಂಟ ನೋವು, ನಾಳೆ ಒರೆಸಿದರಾಯ್ತು ಅಂತ ನಾಲ್ಕು ದಿನ ಗೆರೆ ತುಳಿಯದ ಹಾಗೆ ಓಡಾಡಿಕೊಂಡಿದ್ದೆ. ಐದನೇ ದಿನ ಕೆಳಗಿನ ಮೆಡಿಕಲ್ ಶಾಪಿನವನು ಯಾವುದೋ ಕೊರಿಯರ್ ಕೊಡಲು ಬಂದವನು ನೆಲ ನೋಡಿ ಬಾಗಿಲಲ್ಲೇ ನಿಂತುಬಿಟ್ಟ. ನಾಲ್ಕು ಜನ ಮಲಗಿದ ಗುರುತು, ಎರಡು ದೊಡ್ಡವು, ಎರಡು ಚಿಕ್ಕವು.

“ಅಕ್ಕಾ... ಪೊಲೀಸ್ನೋರು ಬಂದು ಹೋದ್ರಾ?”

“ಇಲ್ಲಪ್ಪ. ಇದು ಹಡಗು.”

ಅವನು ನನ್ನ ಮುಖ ನೋಡಿದ, ನೆಲ ನೋಡಿದ, ಇಳಿದು ಹೋದ. ಐದು ನಿಮಿಷಕ್ಕೆ ಬಿಪಿ ಮಿಷನ್ ಹಿಡಿದುಕೊಂಡು ವಾಪಸ್ ಬಂದ.

ನಡುಬಾಗಿಲು

ತರೀಕೆರೆಯದೇ ಒಂದು ಮನೆ. ಅಣ್ಣ ತಮ್ಮ, ಇಬ್ಬರ ಹೆಂಡಿರು, ಐದು ಮಕ್ಕಳು, ಅತ್ತೆ. ಹಡಗಿನಲ್ಲಿ ಅಕ್ಕಪಕ್ಕದ ಎರಡು ರೂಮುಗಳ ನಡುವೆ ಬಾಗಿಲಿರೋದು ಸಿಗುತ್ತೆ. ಮಕ್ಕಳಿರೋರಿಗೆ ಅದೇ ಅನುಕೂಲ ಅಂತ ನಾನು ಹೇಳಿದೆ.

ಮಾರನೇ ದಿನ ದೊಡ್ಡ ಸೊಸೆ ಒಬ್ಬಳೇ ಬಂದಳು. “ನಡುವೆ ಬಾಗಿಲು ಬ್ಯಾಡ ಕಣಕ್ಕ. ನಾನ್ ಹೇಳ್ದೆ ಅನ್ಬೇಡಿ.” ಅವಳು ಇಳಿದು ಹೋದ ಅರ್ಧ ಗಂಟೆಗೆ ಚಿಕ್ಕ ಸೊಸೆ. “ನಡುವೆ ಬಾಗಿಲು ಬ್ಯಾಡ ಕಣಕ್ಕ. ನಾನ್ ಹೇಳ್ದೆ ಅನ್ಬೇಡಿ.” ಮಧ್ಯಾಹ್ನ ಅತ್ತೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದರು. “ಬಾಗಿಲು ಇರ್ಲೇಬೇಕು. ಇಬ್ರೂ ಏನ್ ಮಾಡ್ತಾರೆ ಅಂತ ನಂಗೊತ್ತಾಗ್ಬೇಕು. ನಾನ್ ಹೇಳ್ದೆ ಅನ್ಬೇಡ.”

ನಾನು ಯಾರ ಹೆಸರೂ ಹೇಳದೆ, ಹಿರಿಯರ ಮಾತು ಅಂತ ಬಾಗಿಲಿರೋದನ್ನೇ ಮಾಡಿಸಿದೆ. ಆದರೆ ಆ ಬಾಗಿಲಿಗೆ ಎರಡೂ ಕಡೆಯಿಂದ ಚಿಲಕ ಇರುತ್ತೆ ಅನ್ನೋದನ್ನ ಸೊಸೆಯರಿಬ್ಬರಿಗೂ ಬೇರೆಬೇರೆಯಾಗಿ ತಿಳಿಸಿದೆ.

ಹಡಗಿನಿಂದ ಬಂದ ಮೇಲೆ ಅತ್ತೆ ನೆಟ್ಟಗೆ ನನ್ನ ಹತ್ತಿರ ಬಂದರು. “ಏನವ್ವಾ ನೀನು ಮಾಡ್ಸಿದ್ದು? ಮದ್ವೆ ಆದಾಗಿಂದ ಒಬ್ರಿಗೊಬ್ರು ಮಾತಾಡ್ದೇ ಇದ್ದ ಸೊಸೇರು ಹಡಗು ಹತ್ತಿದ್ ದಿನಾನೇ ಒಂದಾಗ್ಬಿಟ್ರು! ಆ ಕಡೆ ರೂಮಲ್ಲಿ ಗಂಡ-ಹೆಂಡಿರು ನಾಲ್ಕೂ ಜನ ಇಸ್ಪೀಟು. ಈ ಕಡೆ ನಾನು, ಐದು ಮೊಮ್ಮಕ್ಳು. ಚಿಲಕ ಆ ಕಡೆಯಿಂದ!”

ಒಳಗಿನ ಮಗು

ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಫೋನು ಬಂತು. ಶಿವನಿ ಊರಿನ ಒಬ್ಬ ತಂದೆ, ಹಿಂದಿನ ದಿನ ಹಡಗು ಹತ್ತಿದವನು. ಹಡಗು ಗೋವಾದಲ್ಲಿ ನಿಂತಿತ್ತು.

“ಅಕ್ಕಾ, ಮಗು ಬಚ್ಚಲಲ್ಲಿ ಚಿಲಕ ಹಾಕ್ಕೊಂಬಿಟ್ಟಿದೆ! ತೆಗೀತಾ ಇಲ್ಲ!”

“ಹಡಗಿನೋರಿಗೆ ಹೇಳಪ್ಪ!”

“ಹೇಳಿದೀವಿ, ಬತ್ತಾವ್ರೆ. ಅವ್ನು ಅಳ್ತಾ ಅವ್ನೆ. ನಮ್ ಮಾತೇ ಕೇಳ್ತಿಲ್ಲ. ನೀವೇನಾರ ಹೇಳಿ.”

ತರೀಕೆರೆಯಲ್ಲಿ ಅನ್ನದ ತಟ್ಟೆ ಮುಂದಿಟ್ಟುಕೊಂಡು ನಾನೇನು ಹೇಳಲಿ? ಅವನು ಫೋನಿನ ಸ್ಪೀಕರ್ ಹಾಕಿ ಬಾಗಿಲ ಸಂದಿಗೆ ಇಟ್ಟ. ನಾಲ್ಕು ವರ್ಷದ ಹುಡುಗ. “ಏನಪ್ಪಾ, ಯಾಕೆ ಅಳ್ತೀಯ?” ಅಂದೆ. ಹೊಸ ದನಿ ಕೇಳಿ ಅಳು ನಿಂತಿತು.

“ನೀನ್ಯಾರು?”

“ನಾನು ಟಿಕೆಟ್ ಅಜ್ಜಿ.”

“ಎಲ್ಲಿದ್ದೀಯ?”

“ನಮ್ಮನೇಲಿ.”

“ಏನ್ ಮಾಡ್ತಿದ್ದೀಯ?”

“ಊಟ. ಅನ್ನ, ಹುರುಳಿಕಾಳು ಸಾರು.”

ಅವನಿಗೆ ಖುಷಿಯಾಯ್ತು. ಬಚ್ಚಲಲ್ಲಿ ಏನೇನಿದೆ ಅಂತ ಒಂದೊಂದಾಗಿ ಹೇಳಿದ. ಪುಟಾಣಿ ಸೋಪು, ನಾಲ್ಕು ಟವಲ್ಲು, ಕನ್ನಡಿಯಲ್ಲಿ ಇನ್ನೊಬ್ಬ ಹುಡುಗ. ಚಿಲಕದ ಮಾತು ನಾನೂ ಮರೆತೆ. ಹಿಂದಿನಿಂದ ಅವನ ಅಪ್ಪ, “ಅಕ್ಕಾ, ಬಾಗಿಲು! ಬಾಗಿಲು!” ಅಂತ ಕೂಗಿದ ಮೇಲೆ ನೆನಪಾಯ್ತು.

“ಮರಿ, ಆ ಚಿಲಕ ಈ ಕಡೆಗೆ ತಿರುಗಿಸು ನೋಡಣ.”

“ತಾಳು. ನಿನ್ನ ಜೊತೆ ಯಾರವ್ರೆ?”

“ಯಾರೂ ಇಲ್ಲ ಕಂದಾ. ನಾನೊಬ್ಳೇ.”

ಅವನು ಬಹಳ ಮರುಕದಿಂದ ಕೇಳಿದ: “ನಿಂಗೂ ಚಿಲಕ ತೆಗಿಯಕ್ ಬತ್ತಿಲ್ವಾ ಅಜ್ಜಿ?”

ಕಂಪನಿಯವರು ಕೊಟ್ಟ ರೂಮು

ಮಕ್ಕಳಿರೋರ ರೂಮಿನ ಬಗ್ಗೆ ನಾನು ಕೇಳೋ ಪ್ರಶ್ನೆಗಳಿಗೆ ಉತ್ತರ ಹೇಳಿ ಸಾಕಾಗಿತ್ತೋ ಏನೋ, ಕಂಪನಿಯವರು ಏಜೆಂಟರಿಗೆ ಹಡಗು ತೋರಿಸೋ ಪ್ರವಾಸಕ್ಕೆ ನನ್ನನ್ನೂ ಕರೆದರು. “ನೀವೇ ಬಂದು ನೋಡಿಬಿಡಿ ಮೇಡಂ” ಅಂದರು. ಮೂರು ದಿನ ಅಂಗಡಿಗೆ ಬಾಗಿಲು ಹಾಕಿ ಮುಂಬಯಿಗೆ ಹೋದೆ.

ನನಗೆ ಕೊಟ್ಟಿದ್ದು ನಾಲ್ಕು ಜನದ ರೂಮು. ಕೆಳಗೆ ದೊಡ್ಡ ಹಾಸಿಗೆ, ಮೇಲೆ ಛಾವಣಿಯಿಂದ ಇಳಿಬಿದ್ದ ಎರಡು ಪುಟ್ಟ ಹಾಸಿಗೆ, ಮೂಲೆಯಲ್ಲಿ ಮಗುವಿನ ತೊಟ್ಟಿಲು. ಎಷ್ಟು ಸಂಸಾರಗಳಿಗೆ ಮಾಡಿಸಿಕೊಟ್ಟ ರೂಮು, ಕಣ್ಣಾರೆ ನೋಡಿದ್ದು ಅವತ್ತೇ. ಮೇಲಿನ ಹಾಸಿಗೆಯ ದಿಂಬು ತಟ್ಟಿ ನೋಡಿದೆ. ತೊಟ್ಟಿಲು ಒಂದು ಸಲ ತೂಗಿದೆ.

ಅಷ್ಟರಲ್ಲಿ ರೂಮು ನೋಡಿಕೊಳ್ಳುವವನು ಬಾಗಿಲು ತಟ್ಟಿದ. ಕೈಯಲ್ಲಿ ಟವಲ್ಲಿನಿಂದ ಮಡಿಸಿದ ಆನೆ, ಮೊಲ, ಕೋತಿ. ನಗುತ್ತಾ ಮೂರು ಬೆರಳು ತೋರಿಸಿ, “ಬಚ್ಚೇ?” ಅಂದ. ಇಲ್ಲ ಅಂದರೆ ಅವನ್ನೆಲ್ಲ ವಾಪಸ್ ತಗೊಂಡು ಹೋಗ್ತಾನೆ. ನನಗೆ ಏನನ್ನಿಸಿತೋ ಏನೋ, ಬಾಗಿಲು ಅರ್ಧ ಮುಂದೆ ಮಾಡಿ, ತುಟಿ ಮೇಲೆ ಬೆರಳಿಟ್ಟು, ಮಲಗಿದ್ದಾವೆ ಅನ್ನೋ ಹಾಗೆ ಕೆನ್ನೆಗೆ ಕೈ ಕೊಟ್ಟು ತೋರಿಸಿದೆ. ಅವನು ಮೂರೂ ಪ್ರಾಣಿಗಳನ್ನು ನನ್ನ ಕೈಗಿಟ್ಟು ತುದಿಗಾಲಲ್ಲಿ ಹೋದ.

ಹತ್ತೇ ನಿಮಿಷ. ಸೈರನ್ ಕೂಗಿತು. ಹಡಗು ಹೊರಡೋಕೆ ಮುಂಚೆ ಎಲ್ಲರನ್ನೂ ಒಂದು ಹಾಲಿನಲ್ಲಿ ಸೇರಿಸಿ, ಅಪಾಯ ಬಂದರೆ ಏನು ಮಾಡಬೇಕು ಅಂತ ಹೇಳಿಕೊಡ್ತಾರೆ. ಎಲ್ಲರಿಗೂ ನೀರಲ್ಲಿ ಮುಳುಗದ ಹಾಗೆ ತೇಲಿಸೋ ಕಿತ್ತಳೆ ಬಣ್ಣದ ಅಂಗಿ ತೊಡಿಸಿದರು. ಆಗ ರೂಮಿನವನು ನನ್ನನ್ನು ನೋಡಿ, ಆಫೀಸರ ಕಿವಿಯಲ್ಲಿ ಏನೋ ಅಂದ. ಆಫೀಸರು ಹಿಂದಿಯಲ್ಲಿ, “ಮಕ್ಕಳೂ ಬರಬೇಕಮ್ಮ, ನಿದ್ದೆ ಮಾಡ್ತಿದ್ದರೂ ಬಿಡೋ ಹಾಗಿಲ್ಲ” ಅಂದು ಮಕ್ಕಳನ್ನು ಎತ್ತಿಕೊಂಡು ಬರೋಕೆ ಇಬ್ಬರು ಕೆಲಸದವರನ್ನು ಕಳಿಸಿದರು. “ನಹೀ, ನಹೀ” ಅಂದೆ. ಹಿಂದಿ ಕೇಳಿದರೆ ಅರ್ಥವಾಗುತ್ತೆ, ಆಡೋಕೆ ಬರೋದು ಅಷ್ಟೇ. ಮಕ್ಕಳನ್ನು ಎಬ್ಬಿಸಬೇಡಿ ಅಂತಿದ್ದಾಳೆ ಅಂದುಕೊಂಡು ಅವರು ಇನ್ನೂ ಬೇಗ ಓಡಿದರು.

ಎರಡು ನಿಮಿಷಕ್ಕೆ ಆಫೀಸರ ವಾಕಿಟಾಕಿ ಕಿರುಚಿತು. ರೂಮಿನಲ್ಲಿ ಮಕ್ಕಳಿಲ್ಲ!

ಧ್ವನಿವರ್ಧಕದಲ್ಲಿ ಕೂಗಿದರು, ಮೂರು ಮಕ್ಕಳು ಕಾಣೆಯಾಗಿದ್ದಾರೆ ಅಂತ. ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ಅಪ್ಪಿಕೊಂಡರು. ಗಂಡಸರು ಬಗ್ಗಿ ಕುರ್ಚಿ ಕೆಳಗೆ ನೋಡತೊಡಗಿದರು. ಯಾರೋ ನನಗೆ ನೀರು ಕುಡಿಸಿದರು, ಇನ್ಯಾರೋ ಅಜ್ಜಿ ನನ್ನ ಪರವಾಗಿ ಹರಕೆ ಹೊತ್ತರು. ಆಫೀಸರು ಪಟ್ಟಿ ತೆಗೆದು ನೋಡಿದರೆ ಅದರಲ್ಲಿ ನನ್ನ ಹೆಸರು ಮಾತ್ರ. ಮೂರು ಮಕ್ಕಳನ್ನು ಟಿಕೆಟ್ಟಿಲ್ಲದೆ ಹತ್ತಿಸಿ, ಹತ್ತಿಸಿದ ಮೇಲೆ ಕಳಕೊಂಡೂ ಬಿಟ್ಟಿದ್ದಾಳೆ ಅಂತ ಅವರ ಮುಖದ ಮೇಲೆ ಬರೆದಿತ್ತು. ಟಿಕೆಟ್ ಮಾರೋಳು ನಾನು!

ಪಕ್ಕದಲ್ಲಿ ಮಗು ಎತ್ತಿಕೊಂಡು ನಿಂತಿದ್ದ ಹುಬ್ಬಳ್ಳಿ ಕಡೆಯ ಹೆಂಗಸು, “ಯಾಕ್ರೀ, ಏನಾತ್ರೀ? ಎಲ್ಲಿ ಬಿಟ್ರಿ ಹುಡುಗರನ್ನ?” ಅಂದಳು. ಕನ್ನಡ ಕೇಳಿ ನನಗೆ ಜೀವ ಬಂತು.

“ನನಗೆ ಮಕ್ಕಳೇ ಇಲ್ಲ ಕಣಮ್ಮ” ಅಂದೆ.

ಅವಳು ನನ್ನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಕುರ್ಚಿ ಹತ್ತಿ, ಇಡೀ ಹಾಲಿಗೆ ಕೇಳೋ ಹಾಗೆ ಕೂಗಿದಳು: “ಇನ್ಕೋ ಬಚ್ಚೇ ಹೀ ನಹೀ ಹೈ!”

ಕುರ್ಚಿ ಕೆಳಗೆ ಬಗ್ಗಿದ್ದವರೆಲ್ಲ ಎದ್ದು ನಿಂತರು. ಮದುವೆಯಾದಾಗಿನಿಂದ ಈ ಮಾತು ನಾನು ಎಷ್ಟು ಜನಕ್ಕೆ ಹೇಳಿದ್ದೀನೋ. ಕೇಳಿದವರೆಲ್ಲ ಲೊಚಗುಟ್ಟಿದ್ದಾರೆ, ಯಾವುದಾದರೂ ದೇವರ ಹೆಸರು ಹೇಳಿದ್ದಾರೆ, ಇಲ್ಲ ಮಾತು ಬದಲಾಯಿಸಿದ್ದಾರೆ. ಇಲ್ಲಿ ಮೊದಲು ಒಬ್ಬ ಚಪ್ಪಾಳೆ ತಟ್ಟಿದ. ಆಮೇಲೆ ಇನ್ನೊಬ್ಬ. ಆಮೇಲೆ ಹಾಲಿಗೆ ಹಾಲೇ ಚಪ್ಪಾಳೆ, ಶಿಳ್ಳೆ! ಆಫೀಸರು ಹಣೆ ಒರೆಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ನನ್ನ ಎರಡೂ ಕೈ ಹಿಡಿದು ಕುಲುಕಿ, “ಭಗವಂತ ದೊಡ್ಡವನು” ಅಂದರು.

ನಾನೂ ಚಪ್ಪಾಳೆ ತಟ್ಟಿದೆ. ಅಷ್ಟು ಜನ ತಟ್ಟೋವಾಗ ಒಬ್ಬಳೇ ಸುಮ್ಮನೆ ನಿಂತಿರೋದು ಚೆನ್ನಾಗಿರಲ್ಲ.